ಐದು ಮೈಲಿಯೊಳಗಿನ ಕುರ್ಚಿ

ಮನೆ ಕಟ್ಟುವವರಿಗೆ ಗಾಂಧೀಜಿ ಒಂದು ಶರತ್ತು ಹಾಕಿದ್ದರು. ಆದರ್ಶ ಹಳ್ಳಿಯ ಆದರ್ಶ ಮನೆಗೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿಂದ ಐದು ಮೈಲಿಯೊಳಗೇ ಸಿಗುವಂತಿರಬೇಕು. ಈ ಮಾತನ್ನು ನಮಗೆ ತಲುಪಿಸಿದವರು ಲಾರಿ ಬೇಕರ್. ಇಂಗ್ಲೆಂಡಿನವರು. 1940ರ ದಶಕದಲ್ಲಿ ಊರಿಗೆ ಮರಳುವ ಹಡಗಿಗೆ ಕಾಯುತ್ತ ಮುಂಬಯಿಯಲ್ಲಿದ್ದಾಗ ಗಾಂಧೀಜಿಯನ್ನು ಕಂಡರು. ಆಮೇಲೆ ಇದೇ ದೇಶದವರಾದರು, ಕೊನೆಗೆ ಕೇರಳದವರೇ ಆಗಿ ಗಿಲಾವು ಕಾಣದ ಕೆಂಪು ಇಟ್ಟಿಗೆಯ ಮನೆಗಳನ್ನು ಕಟ್ಟಿಕೊಂಡು ತುಂಬು ಬಾಳು ಬಾಳಿದರು. ಹಡಗು ತಡವಾದರೆ ಇಷ್ಟೆಲ್ಲ ಒಳ್ಳೆಯದಾಗುವುದಿದ್ದರೆ ನಮ್ಮ ಬಸ್ಸುಗಳ ಬಗ್ಗೆ ನಾವು ಇಷ್ಟು ಬೈದಾಡಬೇಕಾಗಿಲ್ಲ.

ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆದಾರನಾದ ನನಗೆ ಮನೆ ಕಟ್ಟುವ ಯೋಗವಂತೂ ಸದ್ಯಕ್ಕಿಲ್ಲ. ಹಾಗಾಗಿ ಶರತ್ತನ್ನು ಸ್ವಲ್ಪ ಸಡಿಲಿಸಿ ಮನೆಯೊಳಗಿನ ಕುರ್ಚಿ, ಮೇಜು, ಕಪಾಟುಗಳಿಗೆ ಹೊಂದಿಸಿ ನೋಡಿದೆ. ನಮ್ಮ ಬಡಾವಣೆಯ ಸುತ್ತ ಐದು ಮೈಲಿಯಲ್ಲಿ ಹೇರಳವಾಗಿ ಸಿಗುವುದೆಂದರೆ ಎಳನೀರಿನ ಬುರುಡೆ, ಗ್ರಾನೈಟ್ ಚೂರು, ಸವೆದ ಟೈರು, ಫ್ಯಾಕ್ಟರಿಗಳಿಗೆ ಯಂತ್ರ ಹೊತ್ತುತಂದ ಪ್ಯಾಕಿಂಗ್ ಮರ, ಮಳೆಗಾಲಕ್ಕೆ ಮುಂಚೆ ಕರೆಂಟಿನ ತಂತಿಗೆ ತಾಗುತ್ತದೆಂದು ಕಡಿದು ಫುಟ್‌ಪಾತಿನ ಮೇಲೆ ಮಲಗಿಸಿದ ಕೊಂಬೆಗಳು. ಇಷ್ಟರಲ್ಲಿ ಒಂದು ಸಂಸಾರಕ್ಕೆ ಸಾಕಾಗುವಷ್ಟು ಪೀಠೋಪಕರಣ ಮಾಡಬಹುದು. ಸಂಸಾರ ಒಪ್ಪಬೇಕು, ಅಷ್ಟೆ.

ಇದ್ದ ಸಾಮಾನುಗಳ ಜಾತಕವನ್ನೂ ಬಿಡಿಸಿದೆ. ಊಟದ ಮೇಜು ಮಲೇಷ್ಯಾದ ರಬ್ಬರ್ ಮರದ್ದು. ಹಾಲು ಕೊಡುವುದು ಕಡಿಮೆಯಾದ ರಬ್ಬರ್ ಮರವನ್ನು ಕಡಿದು, ಔಷಧದಲ್ಲಿ ಅದ್ದಿ, ಒಣಗಿಸಿ ಮೇಜು ಮಾಡುತ್ತಾರೆ. ಮೊದಲಾದರೆ ಅದು ಒಲೆಗೆ ಹೋಗುತ್ತಿತ್ತು, ಆದ್ದರಿಂದ ಒಳ್ಳೆಯ ಕೆಲಸವೇ. ಆದರೆ ಅದೇ ರಬ್ಬರ್ ಮರ ನಮ್ಮ ಸುಳ್ಯ, ಪುತ್ತೂರಿನ ಗುಡ್ಡಗಳ ತುಂಬ ಇದೆ. ಸುಳ್ಯದಿಂದ ಬೆಂಗಳೂರಿಗೆ ಬರಲು ಒಂದು ರಾತ್ರಿ ಸಾಕು. ನಮ್ಮ ಮೇಜು ಮಾತ್ರ ಸಮುದ್ರ ದಾಟಿಯೇ ಬಂದಿದೆ. ದಿವಾನಿನ ಮರ ಯಾವುದೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. 'ಇಂಪೋರ್ಟೆಡ್' ಎಂದಿದ್ದ, ಅದೊಂದು ಮರದ ಜಾತಿ ಎನ್ನುವ ಧಾಟಿಯಲ್ಲಿ.

ಪುಸ್ತಕದ ಕಪಾಟಿನ ಕಥೆ ಮಾತ್ರ ಬೇರೆ. ಅದು ಮರದ ಹೊಟ್ಟು ಮತ್ತು ಅಂಟಿನ ಸಂತಾನ. ಬಂದ ದಿನ ಅದಕ್ಕೆ ತೇಗದ ಮೈಬಣ್ಣವಿತ್ತು, ತೇಗದ ಗೆರೆಗಳಿದ್ದವು, ಒಂದೆರಡು ಗಂಟುಗಳೂ ಇದ್ದವು. ಗಂಟುಗಳು ಎಲ್ಲ ಹಲಗೆಯಲ್ಲೂ ಒಂದೇ ಜಾಗದಲ್ಲಿದ್ದದ್ದನ್ನು ಮೊದಲು ಗಮನಿಸಿದ್ದು ನನ್ನ ಮಗಳು. ನೆಲ ಒರೆಸುವಾಗ ತಾಗಿದ ನೀರಿಗೆ ಬುಡದ ಹಲಗೆ ನಿಧಾನವಾಗಿ ಊದಿಕೊಳ್ಳುತ್ತ ಹೋಗಿ, ಒಂದು ದಿನ ಅಂಚಿನ ಪಟ್ಟಿ ಕಿತ್ತು ಒಳಗಿನ ಹೊಟ್ಟು ಕಾಣಿಸಿತು. ಅಂಗಡಿಗೆ ಫೋನು ಮಾಡಿದರೆ, ಕನ್ನಡ ಬೇಕಾದರೆ ಇಷ್ಟನ್ನು ಒತ್ತಿ, ಇಂಗ್ಲಿಷ್ ಬೇಕಾದರೆ ಅಷ್ಟನ್ನು ಒತ್ತಿ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿಕೊಂಡು, ಕೊನೆಗೆ ನೀರು ತಾಗಿದರೆ ವಾರಂಟಿ ಇಲ್ಲ ಎಂದು ಎರಡೂ ಭಾಷೆಯಲ್ಲಿ ಹೇಳಿದರು. ನೆರೆಮನೆಯ ಬಡಗಿ ಬಂದು ನೋಡಿದ. ಊದಿದ ಹಲಗೆಯನ್ನು ಬೆರಳಿನಿಂದ ಒತ್ತಿದ. "ಇದಕ್ಕೆ ಮೊಳೆ ಹೊಡೆದ್ರೆ ಮೊಳೆ ನಿಲ್ಲಲ್ಲ, ಸ್ಕ್ರೂ ಹಾಕಿದ್ರೆ ಸ್ಕ್ರೂ ತಿರುಗ್ತಾನೇ ಇರುತ್ತೆ ಸಾರ್" ಎಂದ. ಕೂಲಿ ತೆಗೆದುಕೊಳ್ಳದೆ ಹೋದ. ಬಡಗಿಯೊಬ್ಬ ಕೂಲಿ ಬೇಡವೆಂದು ಹೊರಟರೆ ಆ ಸಾಮಾನಿನ ಆಯುಸ್ಸು ಮುಗಿದಿದೆ ಎಂದೇ ತಿಳಿಯಬೇಕು.

ನಾನು ಬೆಳೆದ ಮಲೆನಾಡಿನ ಮನೆಯಲ್ಲಿ ಪೀಠೋಪಕರಣ ಎಂಬ ಮಾತೇ ಇರಲಿಲ್ಲ, ಇದ್ದದ್ದು ಮಣೆ, ಮಂಚ, ತೊಟ್ಟಿಲು, ಪತ್ತಾಯ. ಊಟಕ್ಕೆ ಹಲಸಿನ ಮಣೆ; ತರಕಾರಿಗೆ ಮೆಟ್ಟುಕತ್ತಿಯ ಮಣೆ, ಅದರ ಕಾಲಲ್ಲಿ ಮೂರು ತಲೆಮಾರಿನ ಹೆಂಗಸರ ಪಾದದ ಸವಕಲು. ಜಗಲಿಯಲ್ಲಿ ಅಡಿಕೆ ದಬ್ಬೆಯ ಬೆಂಚು. ಮುದಿಯಾದ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಬೆಂಡನ್ನು ಕೆತ್ತಿ ತೆಗೆದರೆ ದಬ್ಬೆ. ಅದೇ ದಬ್ಬೆ ಬೇಲಿಯೂ ಹೌದು, ನೀರಿನ ದೋಣಿಯೂ ಹೌದು, ಕೊಟ್ಟಿಗೆಯ ಮಾಡಿನ ರೀಪೂ ಹೌದು, ಚಪ್ಪರದ ಅಡ್ಡೆಯೂ ಹೌದು. ಬೆಂಚಿನಲ್ಲಿ ಕೂತವರ ಪಂಚೆಗೆ ಸಿಬಿರು ಸಿಕ್ಕಿಕೊಂಡು, ಏಳುವಾಗ ಬೆಂಚು ಅವರನ್ನು ಇನ್ನೂ ಸ್ವಲ್ಪ ಹೊತ್ತು ಕೂರಿ ಎಂದು ಹಿಡಿದೆಳೆಯುತ್ತಿತ್ತು. ಅಡಿಕೆ ವ್ಯಾಪಾರಿಗಳು ಮಾತ್ರ ನಿಂತೇ ಮಾತಾಡುತ್ತಿದ್ದರು.

ಆಚಾರ್ರು ಬರುತ್ತಿದ್ದದ್ದು ಸುಗ್ಗಿ ಮುಗಿದ ಮೇಲೆ. ಬಂದರೆ ಒಂದು ಮಂಚ ಮಾಡಿ ಹೋಗುವವರಲ್ಲ. ಬಾಗಿಲ ತಿರುಗಣಿ ಎಣ್ಣೆ ಕೇಳುತ್ತಿದೆ, ನೇಗಿಲಿನ ಈಸು ಬದಲಾಯಿಸಬೇಕು, ತೊಟ್ಟಿಲ ಕಾಲು ಅಲ್ಲಾಡುತ್ತಿದೆ ಎಂದು ಒಂದಕ್ಕೊಂದು ಕೂಡಿಕೊಂಡು ವಾರಗಟ್ಟಲೆ ನಮ್ಮ ಜಗಲಿಯೇ ಅವರ ಕಾರ್ಖಾನೆ. ಮಂಚದ ಮರವನ್ನು ಅಂಗಡಿಯಿಂದ ತರುವುದೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಅಜ್ಜನ ಕಾಲದ ಮಳೆಗಾಳಿಗೆ ಬಿದ್ದ ಹಲಸಿನ ಮರವೊಂದು ತೋಟದ ಹೊಂಡದಲ್ಲಿ ಮುಳುಗಿ ವರ್ಷಗಟ್ಟಲೆ ಕಾಯುತ್ತಿತ್ತು. ನೀರಿನಲ್ಲಿದ್ದರೆ ಮರದೊಳಗಿನ ಸಿಹಿರಸವೆಲ್ಲ ಬಸಿದು ಹೋಗುತ್ತದೆ, ಕುಟ್ಟೆ ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಆಮೇಲೆ ಎತ್ತಿ, ನೆರಳಿನಲ್ಲಿ ಒಣಗಿಸಿ, ಕೊಯ್ದರೆ ಅರಿಸಿನ ಬಣ್ಣದ ಹಲಗೆ. ವರ್ಷ ಕಳೆದಂತೆ ಅದು ಕೆಂಪಾಗಿ, ಮುಂದೆ ಕಾಫಿ ಬಣ್ಣಕ್ಕೆ ತಿರುಗುತ್ತದೆ.

ಆಚಾರ್ರು ಮಂಚಕ್ಕೆ ಕಬ್ಬಿಣದ ಮೊಳೆ ಮುಟ್ಟಿಸುತ್ತಿರಲಿಲ್ಲ. ಕಾಲಿನಲ್ಲಿ ತೂತು, ಅಡ್ಡಪಟ್ಟಿಗೆ ನಾಲಿಗೆ, ಹೊರಗೆ ಬಂದ ತುದಿಗೆ ಬೆಣೆ. ಮಂಚ ಕಿರುಗುಟ್ಟಿದರೆ ಕೊಡತಿಯಿಂದ ಬೆಣೆಯ ತಲೆಗೆ ಎರಡು ಏಟು. ಮನೆ ಪಾಲಾದಾಗ ಬೆಣೆ ತೆಗೆದು ಮಂಚವನ್ನು ಕಟ್ಟಿಗೆಯ ಹೊರೆ ಮಾಡಿ ಗಾಡಿಗೆ ಹಾಕಿ ಒಯ್ಯಬಹುದಿತ್ತು. ಈಗ ಇದನ್ನು 'ನಾಕ್‌ಡೌನ್' ಎಂದು ಕರೆದು, ಆರು ಕೋನದ ಸಣ್ಣ ಕೀಲಿಯ ಜೊತೆ ಡಬ್ಬದಲ್ಲಿಟ್ಟು ಮಾರುತ್ತಾರೆ. ವ್ಯತ್ಯಾಸ ಇಷ್ಟೆ: ಡಬ್ಬದ ಮಂಚವನ್ನು ಎರಡನೇ ಸಲ ಬಿಚ್ಚಿ ಕಟ್ಟಿದರೆ ಒಂದು ಸ್ಕ್ರೂ ಹೆಚ್ಚಾಗಿ ಉಳಿಯುತ್ತದೆ ಮತ್ತು ಮಲಗಿದವನಿಗೆ ರಾತ್ರಿಯಿಡೀ ಅದೇ ಯೋಚನೆ.

ಹಲಸಿಗಿಂತಲೂ ಬಡವರ ಮರ ಬಿದಿರು. ಬಡವರ ಮರ ಎಂದೆ, ಸಸ್ಯಶಾಸ್ತ್ರದವರು ತಕ್ಷಣ ತಿದ್ದುತ್ತಾರೆ: ಬಿದಿರು ಮರವಲ್ಲ, ಹುಲ್ಲು. ಆದರೆ 1927ರ ಭಾರತೀಯ ಅರಣ್ಯ ಕಾಯಿದೆ ಅದನ್ನು ಮರ ಎಂದೇ ಬರೆದಿಟ್ಟಿತ್ತು. ತೊಂಬತ್ತು ವರ್ಷ ಈ ದೇಶದ ಬಿದಿರು ಕಾಡಿನಲ್ಲಿ ಹುಲ್ಲಾಗಿಯೂ ಕಡತದಲ್ಲಿ ಮರವಾಗಿಯೂ ಏಕಕಾಲಕ್ಕೆ ಬೆಳೆಯಿತು. ತನ್ನ ಹಿತ್ತಿಲಲ್ಲಿ ತಾನೇ ನೆಟ್ಟ ಬಿದಿರನ್ನು ಕಡಿದು ಸಾಗಿಸಲು ರೈತ ಪರವಾನಗಿ ಕೇಳಬೇಕಾಗುತ್ತಿತ್ತು. 2017ರಲ್ಲಿ ತಿದ್ದುಪಡಿ ತಂದು ಮರದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟರು. ಅಷ್ಟರಲ್ಲಿ ಬಿದಿರು ಹೆಣೆಯುವವರ ಮಕ್ಕಳು ಎಷ್ಟೋ ಮಂದಿ ಬೇರೆ ಕೆಲಸಕ್ಕೆ ಹೋಗಿಯಾಗಿತ್ತು.

ಹೆಣೆಯುವವರು ಎಂದರೆ ಮೇದಾರರು. ಹನ್ನೆರಡನೇ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ ಇದ್ದ. ಕಾಡಿನಿಂದ ಬಿದಿರು ತಂದು ಮೊರ, ಬುಟ್ಟಿ ಹೆಣೆದು ಮಾರಿ ದಾಸೋಹ ನಡೆಸಿದವನು. ಅಲ್ಲಿಂದ ಇಲ್ಲಿಯವರೆಗೆ ಆ ಕಸುಬಿನ ಹತಾರಗಳು ಬದಲಾದದ್ದು ಕಾಣೆ. ಒಂದು ಕತ್ತಿ, ಕಾಲಿನ ಹೆಬ್ಬೆರಳು, ಎರಡು ಕೈ. ಬಿದಿರನ್ನು ಸೀಳಿ, ಸೀಳನ್ನು ಮತ್ತೆ ಸೀಳಿ, ಹೊರಗಿನ ಹಸಿರು ಪದರವನ್ನೂ ಒಳಗಿನ ಬಿಳಿಯ ಪದರವನ್ನೂ ಬೇರೆ ಮಾಡುವುದನ್ನು ನೋಡುತ್ತ ಕೂತರೆ ಆಫೀಸಿಗೆ ತಡವಾಗುತ್ತದೆ. ಹಸಿರು ಪದರ ಗಟ್ಟಿ, ಅದು ಅಂಚಿಗೆ, ಭಾರ ಹೊರುವ ಕಡೆಗೆ. ಬಿಳಿಯದು ಮೆದು, ಅದು ಹೊಟ್ಟೆಯ ಹೆಣಿಗೆಗೆ. ಒಂದೇ ಗಳದಿಂದ ಎರಡು ಗುಣದ ಸಾಮಗ್ರಿ ಎಂದು ವಿನ್ಯಾಸದ ಶಾಲೆಯಲ್ಲಿ ಪಾಠ ಮಾಡಬಹುದು. ಮೇದಾರರು ಅದನ್ನು ಪಾಠ ಎಂದುಕೊಂಡಿಲ್ಲ, ಬಿದಿರಿಗೆ ದುಡ್ಡು ಕೊಟ್ಟಿದ್ದೇವೆ, ಒಳಗಿನದನ್ನು ಯಾಕೆ ಬಿಸಾಡಬೇಕು ಎಂಬುದು ಅವರ ಲೆಕ್ಕ.

ಈ ಲೆಕ್ಕವನ್ನು ತಪ್ಪಿಸಿದ್ದು ಕಾಗದ. ಉತ್ತರ ಕನ್ನಡದ ಕಾಡಿನ ಬಿದಿರು ದಾಂಡೇಲಿಯ ಕಾಗದದ ಕಾರ್ಖಾನೆಗೆ ಮೊದಮೊದಲು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಹೋಗುತ್ತಿತ್ತು. ಬುಟ್ಟಿ ಹೆಣೆಯುವವರು ಅದೇ ಬಿದಿರನ್ನು ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆಗೆ ಕೊಳ್ಳಬೇಕಿತ್ತು. 1970ರ ದಶಕದಲ್ಲಿ ಅವರು ಬಿದಿರೇ ಸಿಗುತ್ತಿಲ್ಲವೆಂದು ಸರ್ಕಾರಕ್ಕೆ ದೂರು ಕೊಟ್ಟಾಗ, ಕಾಡಿನ ಬಿದಿರು ಯಾಕೆ ಕರಗುತ್ತಿದೆ ಎಂದು ನೋಡಿ ಬರುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರ ಪಾಲಿಗೆ ಬಂತು. ಅವರು ಕಂಡದ್ದು ಬರೀ ದರದ ಅನ್ಯಾಯವಲ್ಲ. ನಮ್ಮ ಮುಳ್ಳುಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ದಟ್ಟವಾಗಿರುತ್ತದೆ. ಕಡಿಯುವವರಿಗೆ ತೊಡಕು, ಬೆಳೆಯುವ ಗಳಕ್ಕೂ ಅಡ್ಡಿ ಎಂದು ಅರಣ್ಯ ಇಲಾಖೆ ಅದನ್ನು ಸವರಿಸಿ ಬುಡ ಚೊಕ್ಕಟ ಮಾಡಿಸುತ್ತಿತ್ತು. ಹಳ್ಳಿಯವರು ಹೇಳಿದ್ದು ಬೇರೆ: ಮುಳ್ಳು ಇದ್ದರೇ ಕಳಲೆ ಉಳಿಯುತ್ತದೆ. ಮುಳ್ಳು ತೆಗೆದರೆ ದನ, ಮಂಗ, ಹಂದಿ, ಕೊನೆಗೆ ಕಳಲೆಯ ಪಲ್ಯ ಇಷ್ಟಪಡುವ ಮನುಷ್ಯ, ಎಲ್ಲರಿಗೂ ದಾರಿ ತೆರೆದಂತೆ. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಗಿತ್ತು. ಚೊಕ್ಕಟ ಮಾಡಿದ ಮೆಳೆಗಳಲ್ಲಿ ಹೊಸ ಗಳ ಏಳುತ್ತಿರಲಿಲ್ಲ.

ನನಗೆ ಈ ಪ್ರಸಂಗ ಬಹಳ ಇಷ್ಟ. ನಮ್ಮಮ್ಮ ನನ್ನ ಮೇಜನ್ನು ಚೊಕ್ಕಟ ಮಾಡಿದ ಮೇಲೆ ನಾನು ವಾರಗಟ್ಟಲೆ ಏನೂ ಬರೆಯಲಾರದೆ ಹೋಗುತ್ತಿದ್ದುದಕ್ಕೆ ಒಂದು ವೈಜ್ಞಾನಿಕ ಆಧಾರ ಇದರಿಂದ ಸಿಕ್ಕಿದೆ.

ಬಿದಿರು ಹೋದಲ್ಲಿ ಪ್ಲಾಸ್ಟಿಕ್ ಬಂತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕಾಡಿನಲ್ಲಿ ಬಿದಿರು ಕರಗಿದ ಎಷ್ಟೋ ಕಡೆ ಮೊದಲು ಬಂದು ಕೂತದ್ದು ಲಂಟಾನ. ಚಿಕ್ಕಂದಿನಲ್ಲಿ ಇದರ ಕಪ್ಪು ಹಣ್ಣು ತಿಂದು ನಾಲಿಗೆ ಬಣ್ಣ ಮಾಡಿಕೊಂಡವರಿಗೆ ಇದರ ಪರಿಚಯ ಬೇಡ. ಅಮೆರಿಕ ಖಂಡದ ಉಷ್ಣವಲಯದ ಪೊದೆ. ಹೂವು ಚೆನ್ನಾಗಿದೆ ಎಂದು ಬ್ರಿಟಿಷರು ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ತೋಟದಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ. ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಎಲ್ಲೆಲ್ಲೂ ಉದುರಿಸಿದವು. ಎಲೆಯಲ್ಲಿ ವಿಷ, ದನ ಮುಟ್ಟುವುದಿಲ್ಲ, ಜಿಂಕೆ ಮುಟ್ಟುವುದಿಲ್ಲ. ಕಡಿದರೆ ಬುಡದಿಂದ ಚಿಗುರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವ ಪ್ರಕಾರ, ಬೇಸಿಗೆ ಬಲಿಯುವ ಮುಂಚೆ ಅವರು ಕೊಡುತ್ತಿದ್ದ ತರಗು ಬೆಂಕಿ ನೆಲವನ್ನು ತೆರವಾಗಿಡುತ್ತಿತ್ತು. ಬೆಂಕಿ ನಿಷೇಧವಾದ ಮೇಲೆ ಇದು ಆಳೆತ್ತರ ಎದ್ದಿತು. ದೇಶದ ಹುಲಿ ಓಡಾಡುವ ಕಾಡಿನಲ್ಲಿ ಶೇಕಡ 40ರಷ್ಟನ್ನು ಲಂಟಾನ ಹೊಕ್ಕಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು.

ಇಂಥದ್ದನ್ನು ಏನು ಮಾಡುವುದು? ಮಲೆ ಮಹದೇಶ್ವರ ಬೆಟ್ಟದಲ್ಲಿ ಅದನ್ನು ಕುರ್ಚಿ ಮಾಡಿದರು. ಬೆಂಗಳೂರಿನ ಏಟ್ರೀ ಎಂಬ ಸಂಶೋಧನಾ ಸಂಸ್ಥೆಯವರು 2000ರ ದಶಕದಲ್ಲಿ ಅಲ್ಲಿನ ಸೋಲಿಗರ ಜೊತೆ, ಬುಟ್ಟಿ ಹೆಣೆಯುವ ಕೊರವರ ಜೊತೆ ಕೂತು ಈ ಕೆಲಸ ಶುರು ಮಾಡಿದರು. ಬಿದಿರು, ಬೆತ್ತ ಸಿಗುವುದು ದುರ್ಲಭವಾಗಿತ್ತು, ಲಂಟಾನ ಬೇಡವೆಂದರೂ ಅಂಗಳಕ್ಕೆ ಬರುತ್ತಿತ್ತು. ಕೋಲುಗಳನ್ನು ಕಡಿದು ತಂದು ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬೆಂದ ಮೇಲೆ ತೊಗಟೆ ಸಲೀಸಾಗಿ ಸುಲಿದು ಬರುತ್ತದೆ, ಕೋಲು ಹೇಳಿದಂತೆ ಬಾಗುತ್ತದೆ. ಬಿಸಿಯಿರುವಾಗಲೇ ಬಗ್ಗಿಸಬೇಕು, ಆರಿದರೆ ಅದು ತನ್ನ ಹಟಕ್ಕೆ ಮರಳುತ್ತದೆ. ದಪ್ಪ ಕೋಲು ಕಾಲಿಗೆ, ತೋಳಿಗೆ, ಸಣ್ಣದು ಹೆಣಿಗೆಗೆ. ದನದ ಹಾಗೆ ಹುಳವೂ ಇದರಿಂದ ದೂರವೇ ಉಳಿಯುತ್ತದೆ, ಬಿದಿರಿಗೆ ಬೇಕಾಗುವ ಔಷಧದ ಸ್ನಾನ ಇದಕ್ಕೆ ಬೇಕಿಲ್ಲ. ಮುಗಿದ ಕುರ್ಚಿಯನ್ನು ದೂರದಿಂದ ನೋಡಿದರೆ ಬೆತ್ತದ್ದೇ ಅನ್ನಬೇಕು. ಹತ್ತಿರ ಹೋದರೆ ಗಿಣ್ಣುಗಳು ಕಾಣುತ್ತವೆ. ಬೆತ್ತದಷ್ಟು ನುಣುಪಲ್ಲ, ನೇರವೂ ಅಲ್ಲ.

ನೀಲಗಿರಿಯ ಗೂಡಲೂರಿನ ಕಡೆ ಬುಡಕಟ್ಟಿನ ಕುಶಲಕರ್ಮಿಗಳು ಇನ್ನೂ ಮುಂದೆ ಹೋಗಿ ಇದರಿಂದ ಆನೆಗಳನ್ನೇ ಮಾಡಿದರು. ಕಬ್ಬಿಣದ ಸರಳಿನ ಅಸ್ಥಿಪಂಜರಕ್ಕೆ ಲಂಟಾನದ ಮೈ. ತಾವು ದಿನವೂ ಎದುರಾಗುವ ನಿಜವಾದ ಆನೆಗಳದೇ ಅಳತೆ. 2021ರಲ್ಲಿ ಈ ಹಿಂಡು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತ್ತು, 2024ರಲ್ಲಿ ಅಮೆರಿಕಕ್ಕೆ ಹೊರಟಿತು, ನಡುವೆ ನಮ್ಮ ಲಾಲ್‌ಬಾಗಿಗೂ ಬಂದಿತ್ತು. ಹೂವು ಚಂದ ಎಂದು ಹಡಗಿನಲ್ಲಿ ತಂದ ಗಿಡ ಎರಡು ಶತಮಾನದ ಮೇಲೆ ಆನೆಯಾಗಿ ವಾಪಸು ಹಡಗು ಹತ್ತಿತೆಂದರೆ, ಬಡ್ಡಿ ಸಮೇತ ಸಾಲ ತೀರಿಸಿದ ಸಮಾಧಾನ. ಹಾಗೆಂದು ಕಾಡಿನ ಲಂಟಾನ ಕುರ್ಚಿಗಳಿಂದ ಮುಗಿಯುತ್ತದೆ ಎಂದು ಯಾರೂ ತಿಳಿಯಬೇಕಿಲ್ಲ. ದೇಶದ ಪ್ರತಿಯೊಬ್ಬನೂ ಒಂದೊಂದು ಸೋಫಾ ಕೊಂಡರೂ ಅದಕ್ಕೆ ಬಿಸಿ ತಟ್ಟುವುದಿಲ್ಲ. ಕುರ್ಚಿಯಿಂದ ಕಾಡು ಉಳಿಯುವುದಕ್ಕಿಂತ, ಬಿದಿರು ಮುಗಿದ ಊರಿನಲ್ಲಿ ಹೆಣೆಯುವ ಬೆರಳುಗಳು ಉಳಿದವು ಎನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಯಾಕೆಂದರೆ ಸ್ಥಳೀಯ ಎನ್ನುವುದನ್ನು ನಾವು ಸಾಮಗ್ರಿಯ ಹುಟ್ಟೂರಿನಿಂದ ಅಳೆಯುತ್ತೇವೆ, ಆ ಅಳತೆ ಸಾಲದು. ಲಂಟಾನ ಇಲ್ಲಿಯದಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿತೋಟದ ನೆರಳಿಗೆ ನೆಟ್ಟು, ಬೆಳೆದ ಮೇಲೆ ಪ್ಲೈವುಡ್ಡಿಗೂ ಮೇಜಿಗೂ ಮಾರುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ರಬ್ಬರ್ ಅಮೆಜಾನ್ ಕಾಡಿನದು. ಚನ್ನಪಟ್ಟಣದ ಗೊಂಬೆಯ ಆಲೆ ಮರವೇನೋ ನಮ್ಮದು, ಆದರೆ ಚರಕಿಯ ಮೇಲೆ ಅರಗು ಹಚ್ಚುವ ವಿಧಾನವನ್ನು ಹೋದ ಶತಮಾನದ ಮೊದಲ ಭಾಗದಲ್ಲಿ ಸುಧಾರಿಸಿದ ಬಾವಾಸ್ ಮಿಯಾನ್ ಜಪಾನಿನ ಕ್ರಮದಿಂದ ಕಲಿತದ್ದಿತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ, ಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು. ಆ ಗರಿಯ ಒರಟು ಯಾವ ಹದಕ್ಕೆ ಬೇಕೆಂಬುದು ಚನ್ನಪಟ್ಟಣದ ಬೆರಳಿಗೆ ಗೊತ್ತು. ಊರು ಬದಲಾದರೆ ಗರಿ ಸಿಕ್ಕೀತು, ಬೆರಳು ಸಿಗುವುದಿಲ್ಲ. ಹಾಗಾಗಿ ಗಾಂಧೀಜಿಯ ಐದು ಮೈಲಿಯೊಳಗೆ ಮರ ಇದ್ದರೆ ಸಂತೋಷ. ಇಲ್ಲದಿದ್ದರೂ, ಆ ಮರದ ಸಾಮಾನು ಮುರಿದಾಗ ನೋಡಿ "ಇದಾ, ಕೊಡಿ" ಎನ್ನುವವನೊಬ್ಬ ಇರಬೇಕು.

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿ ಭಾರತ ಸರ್ಕಾರದ ಆಹ್ವಾನದ ಮೇಲೆ ದೇಶ ಸುತ್ತಿ, ಇಲ್ಲಿ ವಿನ್ಯಾಸದ ಶಿಕ್ಷಣ ಹೇಗಿರಬೇಕೆಂದು ವರದಿ ಬರೆದರು. ತಾವೇ ಜಗತ್ಪ್ರಸಿದ್ಧ ಕುರ್ಚಿಗಳನ್ನು ಮಾಡಿದವರು. ಆದರೂ ಇಲ್ಲಿ ಕಂಡ ವಸ್ತುಗಳಲ್ಲಿ ಅತ್ಯಂತ ಸುಂದರವಾದದ್ದೆಂದು ಅವರು ಆರಿಸಿಕೊಂಡದ್ದು ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ತೂಕ ಎಲ್ಲಿ ಕೂರಬೇಕು, ಸೊಂಟಕ್ಕೆ ಹೇಗೆ ಒರಗಬೇಕು, ತಿಕ್ಕಿ ತೊಳೆಯಲು ಬಾಯಿ ಎಷ್ಟಿರಬೇಕು ಎಂದು ಒಂದೊಂದಾಗಿ ಯೋಚಿಸಿದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಚೊಂಬಿಗೆ ಅಂಥ ಮರ್ಯಾದೆಯನ್ನು ನಾವು ಎಂದೂ ಕೊಟ್ಟವರಲ್ಲ. ನಮ್ಮಲ್ಲಿ ಕೈಗೆ ಚೊಂಬು ಬಂತೆಂದರೆ ವ್ಯವಹಾರ ಕೆಟ್ಟಿತೆಂದೇ ಲೆಕ್ಕ.

ಈಮ್ಸ್ ದಂಪತಿ ನಮ್ಮ ಸರ್ಕಾರಿ ಕಚೇರಿಯ ಕುರ್ಚಿಗಳನ್ನೂ ಸ್ವಲ್ಪ ಗಮನಿಸಬೇಕಿತ್ತು ಎಂಬುದು ನನ್ನ ಆಸೆ. ತೇಗದ ಚೌಕಟ್ಟು, ಕೂರುವಲ್ಲೂ ಬೆನ್ನಿಗೂ ತೂತುತೂತಿನ ಬೆತ್ತದ ಹೆಣಿಗೆ. ಬೆತ್ತದ ಮೊದಲ ಪರಿಚಯ ನಮಗೆಲ್ಲ ಶಾಲೆಯಲ್ಲಿ ಅಂಗೈ ಮೂಲಕ ಆದದ್ದು. ಕಚೇರಿಗೆ ಸೇರಿದ ಮೇಲೆ ಅದು ದೇಹದ ಇನ್ನೊಂದು ಭಾಗಕ್ಕೆ ಬಹಳ ಸೌಮ್ಯವಾಗಿ ವರ್ತಿಸಿತು. ಬೇಸಿಗೆಯಲ್ಲಿ ಗಾಳಿಯಾಡುತ್ತದೆ, ಬೆವರು ನಿಲ್ಲುವುದಿಲ್ಲ, ಕೂತವನ ತೂಕಕ್ಕೆ ತಕ್ಕಂತೆ ತಗ್ಗಾಗುತ್ತದೆ. ವರ್ಷಗಳು ಕಳೆದು ತಗ್ಗು ಹೆಚ್ಚಾಗಿ ತೂತಾದರೆ ಕುರ್ಚಿಯನ್ನು ಗುಜರಿಗೆ ಹಾಕುತ್ತಿರಲಿಲ್ಲ, ಹೆಣೆಯುವವರನ್ನು ಕರೆಸುತ್ತಿದ್ದರು. ಅಂಧರ ಶಾಲೆಗಳಲ್ಲಿ ಈ ಹೆಣಿಗೆ ಕಲಿಸುತ್ತಿದ್ದರು. ಕಣ್ಣಿಲ್ಲದವರು ವರಾಂಡದಲ್ಲಿ ಕೂತು, ನೀರಿನಲ್ಲಿ ನೆನೆದ ಬೆತ್ತದ ಎಳೆಯನ್ನು ತೂತಿನಿಂದ ತೂತಿಗೆ ತಡವರಿಸದೆ ಪೋಣಿಸುತ್ತಿದ್ದರೆ, ಕಣ್ಣಿದ್ದ ಗುಮಾಸ್ತರು ಒಳಗೆ ಕಡತ ಹುಡುಕುತ್ತಿದ್ದರು. ಆಮೇಲೆ ಒಂದೇ ಅಚ್ಚಿನ ಪ್ಲಾಸ್ಟಿಕ್ ಕುರ್ಚಿ ಬಂತು. ಹಗುರ, ಅಗ್ಗ, ಒಂದರ ಮೇಲೊಂದು ಪೇರಿಸಬಹುದು, ಮಳೆಗೆ ಹೆದರಬೇಕಿಲ್ಲ. ಅದನ್ನು ದೂರುವುದು ಸುಲಭ, ಅದಿಲ್ಲದೆ ನಮ್ಮ ಯಾವ ಮದುವೆಯೂ ರಾಜಕೀಯ ಸಭೆಯೂ ನಡೆಯದು. ಬಿಸಿಲಿಗೆ ಒಣಗಿ ಕಾಲು ಬಿರಿದರೆ ಮಾತ್ರ ಯಾರನ್ನು ಕರೆಯುವುದು? ನಮ್ಮ ಬೀದಿಯ ಟೀ ಅಂಗಡಿಯವರು ಬಿರುಕಿನ ಎರಡೂ ಬದಿಗೆ ಬಿಸಿ ಮೊಳೆಯಿಂದ ತೂತು ಮಾಡಿ, ತಂತಿಯಿಂದ ಹೊಲಿದಿದ್ದಾರೆ. ಕೂತವರು ತಂತಿಯ ಗಂಟು ಯಾವ ಕಡೆಗಿದೆ ಎಂದು ನೋಡಿಕೊಂಡು ಟೀ ಕುಡಿಯಬೇಕು.

ಬಿದಿರಿನ ಮೊರಕ್ಕೆ ಇಂಥ ವೈದ್ಯೆ ಮನೆಯಲ್ಲೇ ಇರುತ್ತಿದ್ದಳು. ಹೊಸ ಮೊರ ಬಂದರೆ ನಮ್ಮಜ್ಜಿ ಮೆಂತ್ಯ ನೆನೆಸಿ ರುಬ್ಬಿ, ಅದಕ್ಕೆ ಹಳೆಯ ಕಾಗದ ಕೊಳೆಸಿ ಕಲಸಿ ಬಳಿಯುತ್ತಿದ್ದಳು. ಸಂದುಗಳು ಮುಚ್ಚಿ ರಾಗಿ ಸೋರುತ್ತಿರಲಿಲ್ಲ. ಹಳತಾದರೆ ಮತ್ತೊಂದು ಸಲ ಬಳಿ. ಅದೂ ಮುಗಿದರೆ ಹಿತ್ತಿಲಿಗೆ, ತರಗು ಹೊರಲು. ಅಲ್ಲಿಯೂ ಬೇಡವಾದರೆ ಬಚ್ಚಲೊಲೆಗೆ. ಅಷ್ಟು ಹುದ್ದೆ ನಿರ್ವಹಿಸಿ ನಿವೃತ್ತವಾದ ವಸ್ತು ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ.

ಮೊನ್ನೆ ಕ್ಯಾಂಟೋನ್ಮೆಂಟಿನ ಬಿದಿರು ಬಜಾರಿನ ಕಡೆ ಹೋಗುವ ಕೆಲಸವಿತ್ತು. ಅಲ್ಲಿಂದ ಸ್ವಲ್ಪ ದೂರದ ಓಣಿಯಲ್ಲಿ ಹೆಣೆಯುವವರ ಮನೆ. ಬಾಗಿಲ ಹೊರಗೆ ಬಿದಿರಿನ ಎರಡು ಚೆಂದದ ಕುರ್ಚಿಗಳಿದ್ದವು. ಕೂರಲು ಹೋದೆ. ಯಜಮಾನರು ತಡೆದು ಒಳಗಿನಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತರಿಸಿದರು.

"ಇದರ ಮೇಲೇ ಕೂರಬಹುದಿತ್ತಲ್ಲ ಯಜಮಾನ್ರೇ?"

"ಅದು ಮಾರೋ ಸಾಮಾನು ಸಾರ್. ಅದರ ಮೇಲೆ ನಾವೇ ಕೂತ್ರೆ ಗಿರಾಕಿ ಎಲ್ಲಿ ಕೂರ್ತಾನೆ?"

ನಾನೇ ಗಿರಾಕಿ ಎಂದು ಹೇಳಿಕೊಳ್ಳಬೇಕಾಯಿತು. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಬೆಲೆ ಕೇಳುವ ಮುಂಚೆ ಅವರೇ ಪ್ರಶ್ನೆ ಹಾಕಿದರು: ಎಲ್ಲಿ ಇಡುತ್ತೀರಿ, ಬಾಲ್ಕನಿಯಲ್ಲೋ ಒಳಗೋ, ಬಿಸಿಲು ಬೀಳುತ್ತದೋ, ನೆಲ ಒರೆಸುವಾಗ ನೀರು ನಿಲ್ಲುತ್ತದೋ, ಮನೆಯಲ್ಲಿ ದಪ್ಪ ಇರುವವರು ಯಾರು. ನೀರು ತಾಗುವುದಾದರೆ ಕಾಲಿನ ತುದಿಗೆ ಹಳೆಯ ಟೈರಿನ ತುಂಡು ಹೊಡೆದು ಕೊಡುತ್ತೇನೆ ಎಂದರು. ಅಮಾವಾಸ್ಯೆಯ ಹತ್ತಿರ ಕಡಿದ ಬಿದಿರು ಆಗಬಹುದು, ಹುಳ ಕಡಿಮೆ ಎಂದರು. ಇದು ನಂಬಿಕೆಯೋ ನಿಜವೋ ಎಂದು ವಾದಿಸಲು ನಾನು ಹೋಗಲಿಲ್ಲ. ನೀರಿನಲ್ಲಿ ನೆನೆಹಾಕಿದ್ದಾರೋ ಎಂದು ಮಾತ್ರ ಕೇಳಿದೆ. ನೆನೆಹಾಕದ ಬಿದಿರನ್ನು ನಮ್ಮಪ್ಪನೂ ಮುಟ್ಟಿರಲಿಲ್ಲ ಎಂದರು, ಸ್ವಲ್ಪ ನೊಂದುಕೊಂಡೇ.

"ಮುರಿದ್ರೆ?"

"ಮುರಿದ್ರೆ ತಂದ್ಕೊಡಿ. ಕಾಲು ಹೋಗಿದ್ರೆ ಕಾಲು ಹಾಕ್ತೀನಿ, ಹೆಣಿಗೆ ಹೋಗಿದ್ರೆ ಹೆಣಿಗೆ. ನಾನಿಲ್ದಿದ್ರೆ ನನ್ ತಮ್ಮ ಇರ್ತಾನೆ, ಇದೇ ಓಣಿ."

ಕನ್ನಡಕ್ಕೆ ಒಂದು, ಇಂಗ್ಲಿಷಿಗೆ ಎರಡು ಎಂದು ಏನನ್ನೂ ಒತ್ತಿಸಿಕೊಳ್ಳದೆ ವಾರಂಟಿ ಮುಗಿಯಿತು. ಮುಂಗಡ ತೆಗೆದೆ. ಎಷ್ಟು ದಿನದಲ್ಲಿ ಆಗುತ್ತದೆ ಎಂದು ಕೇಳಿದಾಗ ಅವರು ನಕ್ಕರು. ಓಣಿಯ ಉದ್ದಕ್ಕೂ ಹೆಂಗಸರು, ಮಕ್ಕಳು, ಅವರ ತಮ್ಮ, ಎಲ್ಲರೂ ಒಂದೇ ಕೆಲಸದಲ್ಲಿದ್ದರು. ಗೌರಿ ಹಬ್ಬ ಹತ್ತಿರವಿತ್ತು. ಬಾಗಿನಕ್ಕೆ ಮೊರ ಬೇಕು, ಒಬ್ಬೊಬ್ಬರಿಗೂ ಜೋಡಿ ಮೊರ, ಅರಿಸಿನ ಕುಂಕುಮ ಹಚ್ಚಿ. ರಾಗಿ ಕೇರುವವರು ಈ ಊರಿನಲ್ಲಿ ಯಾರೂ ಉಳಿದಿಲ್ಲ, ಅಕ್ಕಿ ಪಾಕೀಟಿನಲ್ಲಿ ಚೊಕ್ಕಟವಾಗಿಯೇ ಬರುತ್ತದೆ. ಆದರೂ ಪ್ಲಾಸ್ಟಿಕ್ ಮೊರದಲ್ಲಿ ಬಾಗಿನ ಕೊಡುವ ಧೈರ್ಯ ಇನ್ನೂ ಯಾವ ಸೊಸೆಗೂ ಬಂದಿಲ್ಲ. ನಮ್ಮ ವಿನ್ಯಾಸ ಸಂಸ್ಥೆಗಳೂ ಅಭಿವೃದ್ಧಿ ಮಂಡಳಿಗಳೂ ಸೇರಿ ಮೇದಾರರಿಗೆ ಕೊಟ್ಟ ಕೆಲಸಕ್ಕಿಂತ ಹೆಚ್ಚಿನದನ್ನು ಗೌರಮ್ಮ ಒಬ್ಬಳೇ ವರ್ಷ ವರ್ಷ ಕೊಡುತ್ತಿರುವ ಹಾಗಿದೆ.

"ಹಬ್ಬ ಕಳೀಲಿ ಸಾರ್" ಎಂದರು ಯಜಮಾನರು, ಮುಂಗಡವನ್ನು ವಾಪಸು ನನ್ನ ಕಡೆಗೆ ತಳ್ಳಿ. "ಆಮೇಲೆ ಕೊಡುವ್ರಂತೆ. ಕುರ್ಚಿ ಎಲ್ಲೂ ಓಡಿಹೋಗಲ್ಲ."

ಮನೆಗೆ ಬಂದು ಹೇಳಿದೆ. ಅಲ್ಲಿಯತನಕ ಬಂದವರನ್ನು ಎಲ್ಲಿ ಕೂರಿಸುವುದು ಎಂದು ಹೆಂಡತಿ ಕೇಳಿದಳು. ಮಂಚದ ಮೇಲೆ ಎಂದೆ. ಮಂಚದ ಮೇಲೆ ಒಗೆದು ತಂದ ಬಟ್ಟೆಯ ರಾಶಿಯಿತ್ತು. ಅದನ್ನು ಮಡಚುವ ಕೆಲಸ ನನ್ನ ಪಾಲಿಗೆ ಬಂತು.